ಅತ್ತೆಯನ್ನು ತೆಗೆದದ್ದು

ಮುಂಡಾಜೆಯ ಕುಶಾಲಪ್ಪ ಗೌಡ ತನ್ನ ಅತ್ತೆಯ ತಲೆ ಕತ್ತರಿಸಿದ್ದು ಬೇಕೆಂದು ಮಾಡಿದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೇಕೆಂದೇ ಮಾಡಿದ್ದು ಎನ್ನುವವರು ಊರಲ್ಲಿ ಈಗಲೂ ಇದ್ದಾರೆ. ಅಂಥವರು ಒಮ್ಮೆ ಆ ಪೆಟ್ಟಿಗೆ ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನಿಂದ ಬಗ್ಗಿ, ಹೆಬ್ಬೆರಳಿನ ಉಗುರಿನಷ್ಟಗಲದ ಗಾಜಿನಲ್ಲಿ ಇಡೀ ದಿಬ್ಬಣವನ್ನು ನೋಡಿ ಫೋಟೋ ತೆಗೆಯಲಿ. ಆಮೇಲೆ ಮಾತಾಡಲಿ.

ಆದದ್ದು ಇಷ್ಟು. ಹೆಂಡತಿ ದಮಯಂತಿಯ ತಂಗಿ ನೀಲಾವತಿಯನ್ನು ಗುರುವಾಯನಕೆರೆಗೆ ಮದುವೆ ಮಾಡಿಕೊಟ್ಟರು. ಬೊಂಬಾಯಿಯಿಂದ ಬಂದವನೊಬ್ಬನ ಕೈಯಿಂದ ಕುಶಾಲಪ್ಪ ಆಗಷ್ಟೇ ಆ ಕ್ಯಾಮೆರಾ ಕೊಂಡಿದ್ದ. ಮನೆಯ ಮೆಟ್ಟಿಲ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿ, ನಿಲ್ಲಿಸಿ, "ಉಸಿರು ಬಿಡಬೇಡಿ" ಎಂದು ಹೆದರಿಸಿ ಒಂದು ಫೋಟೋ ತೆಗೆದ. ಅತ್ತೆ ಪೂವಮ್ಮ ವಿಧವೆ. ಶುಭಕಾರ್ಯದಲ್ಲಿ ಮುಂದೆ ನಿಲ್ಲುವುದು ಬೇಡವೆಂದು ಯಾರೂ ಹೇಳದಿದ್ದರೂ ತಾವೇ ಹಿಂದೆ ಹೋಗಿ, ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ, ಕೈಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದು ನಿಂತರು. ಫೋಟೋ ತೊಳೆದು ಬಂದಾಗ ಮದುಮಗ ಚೆನ್ನಾಗಿದ್ದ, ಮದುಮಗಳು ಚೆನ್ನಾಗಿದ್ದಳು, ಎಲ್ಲಿಂದಲೋ ನುಗ್ಗಿದ ನಾಯಿಯೂ ಚೆನ್ನಾಗಿ ಬಂದಿತ್ತು. ಪೂವಮ್ಮ ಮಾತ್ರ ಕುತ್ತಿಗೆಯವರೆಗೆ ಇದ್ದರು.

ಅಷ್ಟಕ್ಕೇ ಮುಗಿದಿದ್ದರೆ ಮುಗಿಯುತ್ತಿತ್ತು. ಮದುವೆಯ ಫೋಟೋ ಬೇರೆ ಇರಲಿಲ್ಲವಾದ್ದರಿಂದ ಗುರುವಾಯನಕೆರೆಯ ಬೀಗರು ಅದಕ್ಕೇ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗಿಸಿದರು. ಬಂದ ನೆಂಟರೆಲ್ಲ "ಹಿಂದೆ ತಲೆ ಇಲ್ಲದೆ ನಿಂತದ್ದು ಯಾರು?" ಎಂದು ಕೇಳುವುದು, "ಸಂಚಿ ನೋಡಿ, ಗೊತ್ತಾಗ್ತದೆ. ನಮ್ಮ ಪೂವಮ್ಮ" ಎಂದು ಬೀಗರು ಹೇಳುವುದು. ಪೂವಮ್ಮನಿಗೆ ಆಗ ಅರವತ್ತು ದಾಟಿತ್ತು. ಹುಟ್ಟಿದ ಮೇಲೆ ಅವರದ್ದೊಂದು ಫೋಟೋ ಅಂತ ಆದದ್ದು ಅದೊಂದೇ. ಅದರಲ್ಲಿ ಮುಖವೇ ಇಲ್ಲ ಎಂದರೆ ಯಾರಿಗಾದರೂ ಹೊಟ್ಟೆ ಉರಿಯದೆ ಇರುತ್ತದೆಯೇ?

ಅದೂ ಅಲ್ಲದೆ ಕುಶಾಲಪ್ಪ ಮನೆಯಳಿಯ. ಮನೆ ಅತ್ತೆಯದು, ಗದ್ದೆ ಅತ್ತೆಯದು, ಹಟ್ಟಿಯಲ್ಲಿದ್ದ ಮುತ್ತು ಎಂಬ ಎಮ್ಮೆಯೂ ಅತ್ತೆಯದು. ಅವನದ್ದು ಅಂತ ಆ ಮನೆಯಲ್ಲಿ ಇದ್ದದ್ದು ಕ್ಯಾಮೆರಾ ಒಂದೇ. ಆ ಫೋಟೋ ಬಂದ ದಿನದಿಂದ ಪೂವಮ್ಮ ಅಳಿಯನ ಹತ್ತಿರ ಮಾತು ಬಿಟ್ಟರು. ಏನಿದ್ದರೂ ದಮಯಂತಿಯ ಮೂಲಕ. ದಮಯಂತಿ ಇಲ್ಲದಿದ್ದರೆ ಎಮ್ಮೆಯ ಮೂಲಕ. "ಮುತ್ತೂ, ಗಂಜಿ ಆರ್ತದೆ ಅಂತ ಅವರಿಗೆ ಹೇಳು" ಎಂದು ಹಟ್ಟಿಯ ಕಡೆ ಮುಖ ಮಾಡಿ ಹೇಳುವರು. ಕುಶಾಲಪ್ಪನೂ ಪಾಪ, "ಕೈಕಾಲು ತೊಳೆದು ಬರ್ತೇನೆ ಅಂತ ಹೇಳು" ಎಂದು ಎಮ್ಮೆಗೇ ಉತ್ತರ ಕೊಡುವನು. ಆ ವರ್ಷ ಎಮ್ಮೆಯಷ್ಟು ಮನೆವಾರ್ತೆ ತಿಳಿದವರು ಮುಂಡಾಜೆಯಲ್ಲಿ ಇನ್ನೊಬ್ಬರಿರಲಿಲ್ಲ.

ಕೊನೆಗೆ ಸುಗ್ಗಿ ಬೆಳೆಯ ಹೊತ್ತಿಗೆ ಪೂವಮ್ಮ ಎಮ್ಮೆಯ ಮೂಲಕವೇ ತೀರ್ಪು ಕೊಟ್ಟರು. "ಹೊಸ ವರ್ಷದ ಬಿಸುವಿನ ದಿನ ನಾನು ದೇವರೆದುರು ಕಣಿ ಇಡುವಾಗ ಆ ತಲೆ ಕಡಿಯುವ ಪೆಟ್ಟಿಗೆ ಈ ಮನೆಯಲ್ಲಿ ಇರಬಾರದು ಅಂತ ಅವರಿಗೆ ಹೇಳು."

ಕುಶಾಲಪ್ಪ ಹೋಗಿ ಕ್ಯಾಮೆರಾವನ್ನು ಅಪ್ಪಿ ಹಿಡಿದುಕೊಂಡ. ಕ್ಯಾಮೆರಾ ಹೋದರೆ ಬಿ.ಸಿ. ರೋಡೂ ಹೋದ ಹಾಗೆ.

ಬಿ.ಸಿ. ರೋಡಿನ ವಿಷಯ ಹೇಳಬೇಕು. ಅಲ್ಲಿ ರಮಾನಾಥ ಶೆಟ್ಟಿಯ ಹೋಟೆಲು. ಅವನಿಗೂ ಕ್ಯಾಮೆರಾದ ಹುಚ್ಚು. ಮೂಡುಬಿದಿರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಬ್ದುಲ್ ವಹಾಬ್ ಸಾಹೇಬರಿಗೂ ಅದೇ ಹುಚ್ಚು, ಅದೂ ಸ್ವಲ್ಪ ಏರಿದ್ದು. ಈ ಮೂವರು ತಿಂಗಳಿಗೊಂದು ಭಾನುವಾರ ಹೋಟೆಲಿನ ಹಿಂದಿನ ಕೋಣೆಯಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ ಕೂತು, ತಾವು ತೆಗೆದ ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಒಬ್ಬರದಕ್ಕೆ ಒಬ್ಬರು ಗುಣದೋಷ ಹೇಳುವರು. ಸ್ನೇಹದಿಂದ ಹೇಳುವುದು ಎಂದು ಮಾತಾಗಿತ್ತು. ಮೊದಲ ಸಲ ದಿನವೂ ಆಡುವ ತುಳುವಿನಲ್ಲೇ ಹೇಳಿದರು. ರಮಾನಾಥ ತನ್ನ ಮಗುವಿನ ಫೋಟೋ ಇಟ್ಟಾಗ ಸಾಹೇಬರು "ಇದು ಮಗುವಾ, ಮಸಿಬಟ್ಟೆಯಾ?" ಎಂದು ಕೇಳಿದರು. ರಮಾನಾಥ ಎರಡು ತಿಂಗಳು ಸಾಹೇಬರ ಚಾಕ್ಕೆ ಸಕ್ಕರೆ ಹಾಕಲಿಲ್ಲ.

ಆಮೇಲೆ ಕುಶಾಲಪ್ಪನೇ ಉಪಾಯ ಹುಡುಕಿದ. "ಇನ್ನು ಮುಂದೆ ದೋಷ ಹೇಳುವುದು ಕನ್ನಡದಲ್ಲಿ ಮಾತ್ರ ಆಗಲಿ. ಮೊದಲು ಒಂದು ಒಳ್ಳೆ ಮಾತು, ಆಮೇಲೆ ಕೊರತೆ." ಮೂವರ ಕನ್ನಡವೂ ಶಾಲೆಯಲ್ಲಿ ಕಲಿತದ್ದು, ಪಾಠಪುಸ್ತಕದ್ದು. ಅದರಲ್ಲಿ ಜಗಳ ಮಾಡಲು ಯಾರಿಗೂ ಬರುತ್ತಿರಲಿಲ್ಲ. "ಮರವು ಸೊಗಸಾಗಿದೆ. ಆದರೆ ಮರದ ಕೆಳಗಿರುವ ವ್ಯಕ್ತಿಯು ಅಲುಗಾಡಿದಂತೆ ತೋರುತ್ತದೆ" ಎಂದರೆ ಯಾರಿಗೆ ಸಿಟ್ಟು ಬರುತ್ತದೆ? ಸ್ನೇಹ ಉಳಿಯಿತು, ಸಕ್ಕರೆಯೂ ಬಂತು. ರಮಾನಾಥ ಯಾವುದನ್ನು ಕಂಡರೂ ಫಸ್ಟ್‌ಕ್ಲಾಸ್ ಎನ್ನುವ ಜನ, ಅವನ ಮಾತು ಲೆಕ್ಕಕ್ಕಿಲ್ಲ. ಸಾಹೇಬರು ಹಾಗಲ್ಲ. ಸುಳ್ಳು ಹೇಳುವುದು ಅವರ ನಾಲಗೆಗೆ ಆಗುತ್ತಲೇ ಇರಲಿಲ್ಲ. ಗಿರಾಕಿಗೇ "ಈ ಬಟ್ಟೆ ಬಣ್ಣ ಬಿಡ್ತದೆ, ಬೇಡ" ಎಂದು ವ್ಯಾಪಾರ ಕೆಡಿಸಿಕೊಳ್ಳುವವರು. ಅವರ ಬಾಯಿಂದ ಒಮ್ಮೆ "ಅಡ್ಡಿಯಿಲ್ಲ" ಎನಿಸಿಕೊಂಡರೆ ಜನ್ಮ ಸಾರ್ಥಕ ಎಂದು ಕುಶಾಲಪ್ಪ ಕಾದಿದ್ದ. ಅದುವರೆಗೆ ಅವರು ಯಾರಿಗೂ, ತಮಗೂ, ಆ ಮಾತು ಹೇಳಿರಲಿಲ್ಲ.

ಕೊಯ್ಲು ಮುಗಿದ ಗದ್ದೆಯಲ್ಲಿ ಒಂದು ಸಂಜೆ ಮುತ್ತು ಕರುವನ್ನು ನೆಕ್ಕುತ್ತ ನಿಂತಿತ್ತು. ಹಿಂದಿನಿಂದ ಬಿಸಿಲು ಬಿದ್ದು ಅದರ ಮೈಯ ರೋಮವೆಲ್ಲ ಹೊಳೆಯುತ್ತಿತ್ತು. ಕುಶಾಲಪ್ಪ ಉಸಿರು ಹಿಡಿದು ಒಂದು ಫೋಟೋ ತೆಗೆದ. ಮಂಗಳೂರಿನಿಂದ ತೊಳೆದು ಬಂದಾಗ ಅವನಿಗೇ ನಂಬಿಕೆ ಬರಲಿಲ್ಲ, ಅಷ್ಟು ಚಂದ ಬಂದಿತ್ತು. ಎಡಮೂಲೆಯಲ್ಲಿ ಪೂವಮ್ಮ ಅರ್ಧ ಮೈ ಒಳಗೆ, ಅರ್ಧ ಹೊರಗೆ, ಕೈಯಲ್ಲಿ ಗುಡಿಸುವ ಹಿಡಿಸೂಡಿ ಹಿಡಿದು ಎಮ್ಮೆಯನ್ನು ಗದರುತ್ತ ನಿಂತದ್ದೂ ಬಂದಿತ್ತು. ಅದು ಪೂವಮ್ಮನಿಗೂ ಗೊತ್ತಿರಲಿಲ್ಲ. ಕುಶಾಲಪ್ಪನೂ ಅದನ್ನು ದೊಡ್ಡದು ಮಾಡಲಿಲ್ಲ. ಹೇಗೂ ಈ ಸಲ ತಲೆ ಇತ್ತಲ್ಲ.

ಆ ಭಾನುವಾರ ಕೆಳಗಿನ ಗದ್ದೆಯ ಮೂರನೇ ಬೆಳೆಗೆ ನೀರು ಬಿಡುವ ಸರದಿ ಅವನದಾದ್ದರಿಂದ ಹೋಗಲಾಗಲಿಲ್ಲ. ಚಾರ್ಮಾಡಿ ಬಸ್ಸಿನ ಕಂಡಕ್ಟರ್ ಶರೀಫ್‌ನ ಕೈಯಲ್ಲಿ ಫೋಟೋ ಕೊಟ್ಟು, ಮೂಲೆಯಲ್ಲಿರುವುದು ಅತ್ತೆ ಎಂದೂ ಹೇಳಿ ಕಳಿಸಿದ. ಸಂಜೆ ಬಸ್ಸು ಮುಂಡಾಜೆಯಲ್ಲಿ ನಿಂತಾಗ ಶರೀಫ್ ಫುಟ್‌ಬೋರ್ಡಿನಿಂದಲೇ ಒಪ್ಪಿಸಿದ.

"ಕುಶಾಲಪ್ಪಣ್ಣ, ಫೋಟೋ ಅಲ್ಲೇ ಉಂಟು. ಶೆಟ್ರು ಗೋಡೆಗೆ ಅಂಟಿಸಿದ್ದಾರೆ. ಸಾಹೇಬ್ರು ನನಗೆ ಕನ್ನಡದಲ್ಲಿ ಬಾಯಿಪಾಠ ಮಾಡಿಸಿ ಕಳಿಸಿದ್ದಾರೆ. ಕೇಳಿ. ಎಮ್ಮೆಯು ಬಹಳ ಸೊಗಸಾಗಿದೆ. ಅತ್ತೆಯವರನ್ನು ತೆಗೆದರೆ ಉತ್ತಮವಾದೀತು."

ಕಿಟಕಿ ಪಕ್ಕ ಕೂತಿದ್ದ ಮುದುಕರೊಬ್ಬರು ಬೆಚ್ಚಿ ತಿರುಗಿದರು. "ಯಾರನ್ನು ತೆಗೆಯುವುದು?"

"ಇವರ ಅತ್ತೆಯನ್ನು," ಎಂದು ಶರೀಫ್ ಹೇಳಿ ಸೀಟಿ ಊದಿದ. ಬಸ್ಸು ಹೊರಟರೂ ಮುದುಕರು ಕತ್ತು ಹೊರಗೆ ಹಾಕಿ ಕುಶಾಲಪ್ಪನನ್ನೇ ನೋಡುತ್ತಿದ್ದರು.

ಸಾಹೇಬರ ಅರ್ಥ ಏನೆಂದು ನಿಮಗೆ ತಿಳಿಯಿತು. ಮೂಲೆಯಲ್ಲಿ ಹಿಡಿಸೂಡಿ ಹಿಡಿದವರನ್ನು ಕತ್ತರಿಸಿ ತೆಗೆದುಹಾಕಿದರೆ ಎಮ್ಮೆಯ ಚಿತ್ರ ಚೊಕ್ಕವಾಗುತ್ತದೆ ಎಂದು. ತುಳುವಿನಲ್ಲಿ ಹೇಳುವುದಾಗಿದ್ದರೆ "ಆ ಮುದುಕಿಯನ್ನು ಅಲ್ಲಿಂದ ಓಡಿಸು ಮಾರಾಯ" ಎಂದುಬಿಡುತ್ತಿದ್ದರು, ಗೊಂದಲವೇ ಇರುತ್ತಿರಲಿಲ್ಲ. ಹಾಳಾದ ಮರ್ಯಾದೆಯ ಕನ್ನಡ. ಹಗಲಿರುಳು ಫೋಟೋ ತೆಗೆಯುವ ಧ್ಯಾನದಲ್ಲಿರುವ ಕುಶಾಲಪ್ಪನಿಗೆ ತೆಗೆಯುವುದು ಎಂದರೆ ಒಂದೇ ಅರ್ಥ. ಎಮ್ಮೆಯನ್ನು ತೆಗೆದದ್ದಾಯಿತು, ಇನ್ನು ಅತ್ತೆಯನ್ನು ತೆಗೆ ಎಂದು ಸಾಹೇಬರು ಅಪ್ಪಣೆ ಕೊಟ್ಟಿದ್ದಾರೆ ಎಂದುಕೊಂಡ. ಎಷ್ಟು ಸೂಕ್ಷ್ಮದ ಮನುಷ್ಯ, ಮನೆಯ ಸಂಕಟ ಹೇಳದೆಯೇ ತಿಳಿದುಕೊಂಡರಲ್ಲ ಎಂದು ಅವನ ಕಣ್ಣಲ್ಲಿ ನೀರೇ ಬಂತು.

ಮನೆಗೆ ಬಂದು ದಮಯಂತಿಗೆ ಹೇಳಿದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ತಾಯಿಗೆ ಹೇಳಿದಳು. ಪೂವಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದರು.

"ಮೂಡುಬಿದಿರೆಯವರಾ? ನನ್ನನ್ನು ಅವರು ಎಲ್ಲಿ ನೋಡಿದ್ದು ಅಂತ ಕೇಳು."

"ಎಮ್ಮೆಯ ಫೋಟೋದಲ್ಲಿ ನೀನು ಒಂದು ಮೂಲೆಯಲ್ಲಿ ಬಂದಿದ್ದೀಯಂತೆ ಅಮ್ಮ."

"ಮೂಲೆಯಲ್ಲಿದ್ದವಳನ್ನು ನೋಡಿ ತೆಗೆಯಬೇಕು ಅಂತ ಹೇಳಿದರಾ?"

"ಹೌದಂತೆ. ಅತ್ತೆಯವರನ್ನು ತೆಗೆದರೆ ಉತ್ತಮವಾದೀತು ಅಂತ. ಕನ್ನಡದಲ್ಲಿ ಹೇಳಿದ್ದಂತೆ."

ಪೂವಮ್ಮ ಮತ್ತೆ ತುರಿಯತೊಡಗಿದರು. ಇಷ್ಟು ವರ್ಷದಲ್ಲಿ ಹಿಂದಿನ ಮೆಟ್ಟಿಲಿಗೆ ಸರಿದು ನಿಂತವರನ್ನು ಯಾರೂ ಮುಂದೆ ಬನ್ನಿ ಎಂದು ಕರೆದಿರಲಿಲ್ಲ. ಈಗ ಗುರುತು ಪರಿಚಯವಿಲ್ಲದ ದೊಡ್ಡ ಅಂಗಡಿಯವರೊಬ್ಬರು, ಅದೂ ಕನ್ನಡದಲ್ಲಿ, ಕರೆದಿದ್ದಾರೆ. ಮರುದಿನ ಬೆಳಿಗ್ಗೆ ಅವರು ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟು, ಕಿವಿಗೆ ಬೆಂಡೋಲೆ ಹಾಕಿ, ಜಗಲಿಯ ಕಂಬದ ಪಕ್ಕ ಮಣೆ ಹಾಕಿಕೊಂಡು ಕೂತರು.

"ತಲೆಯಿಂದ ಶುರು ಮಾಡಲಿ ಅಂತ ಅವರಿಗೆ ಹೇಳು," ಎಂದರು ಎಮ್ಮೆಗೆ.

ಕುಶಾಲಪ್ಪ ಕ್ಯಾಮೆರಾ ಹಿಡಿದು ಅಂಗಳಕ್ಕೆ ಇಳಿದ. ಆ ಗಾಜನ್ನು ಅಂಗಿಯ ತುದಿಯಿಂದ ಎಷ್ಟು ಸಲ ಒರೆಸಿದನೋ. ತಲೆ ಇದೆಯೇ ಎಂದು ನೋಡಿದ, ಇತ್ತು. ಒತ್ತಿದ. ಮತ್ತೆ ನೋಡಿದ, ಮತ್ತೆ ಒತ್ತಿದ. ಪೂವಮ್ಮ ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ ಬಿಗಿದು ಕೂತಿದ್ದರು. ಮುಖದಲ್ಲಿ ಸಿಟ್ಟೂ ಇಲ್ಲ, ಸಂತೋಷವೂ ಇಲ್ಲ, ಉಸಿರೂ ಇಲ್ಲ. ಇದು ಆಗುವ ಕೆಲಸವಲ್ಲ ಎಂದು ಅವನಿಗೆ ಅನಿಸಿತು. ರೀಲಿನಲ್ಲಿ ಇನ್ನೊಂದೇ ಉಳಿದಿತ್ತು. ಅವನು ಬಗ್ಗಿ ಗಾಜು ನೋಡುತ್ತ ಸುಮ್ಮನೆ ನಿಂತ. ನಿಂತ ನಿಂತ, ಒತ್ತಲೇ ಇಲ್ಲ. ಪೂವಮ್ಮನ ಕುತ್ತಿಗೆ ನೋಯತೊಡಗಿತು. ಹಟ್ಟಿಯ ಕಡೆ ತಿರುಗಿ ನೋಡಿದರೆ ಎಮ್ಮೆ ಅಷ್ಟರಲ್ಲಿ ಮೇಯಲು ಹೋಗಿತ್ತು. ದಮಯಂತಿ ಬಾವಿಯ ಹತ್ತಿರ ಇದ್ದಳು. ಬೇರೆ ದಾರಿ ಇಲ್ಲದೆ ಅವರು ನೇರ ಅವನ ಮುಖ ನೋಡಿದರು.

"ಮುಗಿಯಿತಾ ನಿಮ್ಮದು?" ಎಂದು ಕೇಳಿದರು.

ನಿಮ್ಮದು. ಅವರದ್ದಲ್ಲ, ನಿಮ್ಮದು. ಮದುವೆಯ ಫೋಟೋ ಬಂದ ಮೇಲೆ ಅತ್ತೆ ತನಗೇ ಆಡಿದ ಮೊದಲ ಮಾತು ಅದು. ಕುಶಾಲಪ್ಪ ತಬ್ಬಿಬ್ಬಾಗಿ ಬಾಯಿ ತೆರೆದ. ಅವನ ಆ ಮೋರೆ ನೋಡಿ, ತಾನು ಮಾತಾಡಿಬಿಟ್ಟೆನಲ್ಲ ಎಂದು ತಿಳಿದು, ಪೂವಮ್ಮನಿಗೆ ತಡೆಯಲಾಗದೆ ನಗು ಬಂತು. ಅವನ ಬೆರಳು ತನ್ನಷ್ಟಕ್ಕೇ ಒತ್ತಿಬಿಟ್ಟಿತ್ತು.

ಫೋಟೋ ಬಂತು. ತಲೆ ಇತ್ತು, ನಗು ಇತ್ತು, ಬೆಂಡೋಲೆಯೂ ಇತ್ತು. ಪೂವಮ್ಮ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

"ನನಗೇನು ಗೊತ್ತಾಗ್ತದೆ? ತೆಗೆಯಬೇಕು ಅಂದವರು ನೋಡಿ ಹೇಳಲಿ. ನಾನೂ ಬರ್ತೇನೆ. ಅವರು ಅಡ್ಡಿಯಿಲ್ಲ ಅಂದರೆ ಪೆಟ್ಟಿಗೆ ಮನೆಯಲ್ಲಿರಲಿ. ಇಲ್ಲದಿದ್ದರೆ ಬಿಸುವಿಗೆ ಮೊದಲು ಕೊಟ್ಟುಬಿಡುವ," ಎಂದರು.

ಕುಶಾಲಪ್ಪ ಕ್ಯಾಮೆರಾದ ಆಸೆಯನ್ನು ಅಲ್ಲಿಗೇ ಬಿಟ್ಟ. ಸಾಹೇಬರು, ಅಡ್ಡಿಯಿಲ್ಲ ಅನ್ನುವುದು, ಅದೂ ಅತ್ತೆಯ ಎದುರಿಗೆ. ಬಸ್ಸಿನಲ್ಲಿ ಬೆಳ್ತಂಗಡಿ, ಮಡಂತ್ಯಾರು, ಪುಂಜಾಲಕಟ್ಟೆ ದಾಟುವವರೆಗೂ ಅವನು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟು ಸವರುತ್ತಿದ್ದ.

ಹೋಟೆಲಿನ ಹಿಂದಿನ ಕೋಣೆಯಲ್ಲಿ ರಮಾನಾಥ ಪೂವಮ್ಮನಿಗೆ ಕುರ್ಚಿ ಒರೆಸಿಕೊಟ್ಟು, "ಬನ್ನಿ ಅಮ್ಮ, ಚಾ ಕುಡಿಯುವ" ಎಂದ. ಸಭೆಯ ನಿಯಮ ಅವರಿಗೂ ತಿಳಿಸಿದರು. ದೋಷ ಹೇಳುವುದಾದರೆ ಕನ್ನಡದಲ್ಲಿ, ಮೊದಲು ಒಂದು ಒಳ್ಳೆ ಮಾತು. ಪೂವಮ್ಮನಿಗೆ ಶಾಲೆ ಗೊತ್ತಿಲ್ಲ. ಆದರೆ ಸಣ್ಣಂದಿನಿಂದ ಯಕ್ಷಗಾನ ಬಯಲಾಟ ನೋಡಿ ನೋಡಿ, ರಾಜರು ರಾಕ್ಷಸರು ಆಡುವ ಕನ್ನಡ ಅವರಿಗೆ ಚೆನ್ನಾಗಿ ಬರುತ್ತಿತ್ತು.

ರಮಾನಾಥ ತನ್ನ ಫೋಟೋ ಇಟ್ಟ. ಹೋಟೆಲಿನಲ್ಲಿ ಗಿರಾಕಿಗಳು ಗೋಳಿಬಜೆ ತಿನ್ನುವುದು. ಪೂವಮ್ಮ ಕೈಯಲ್ಲಿ ಹಿಡಿದು ಒಳ್ಳೆ ಮಾತು ಹುಡುಕಿದರು.

"ಕಾಗದವು ದಪ್ಪವಾಗಿರುವುದು," ಎಂದರು. "ಆದರೆ ತಿನ್ನುವವನು ಬಾಯಿ ತೆರೆದ ಸಮಯದಲ್ಲಿಯೇ ಚಿತ್ರವನ್ನು ತೆಗೆದುದು ಯಾವ ನ್ಯಾಯ?"

ಸಾಹೇಬರು ಸಾವಿರ ಕಂಬದ ಬಸದಿಯ ಫೋಟೋ ಇಟ್ಟರು, ಕಂಬದ ಹಿಂದೆ ಕಂಬ, ಅದರ ಹಿಂದೆ ಕಂಬ.

"ಕಂಬಗಳು ಬಹಳ ಇರುವುವು. ಇಷ್ಟು ಕಂಬಗಳಿದ್ದೂ ಒಬ್ಬನೂ ಒರಗಿ ಕುಳಿತುಕೊಳ್ಳದಿರುವುದೇಕೆ?"

ಸಾಹೇಬರು ಗಡ್ಡ ಕೆರೆದುಕೊಂಡು ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಅದು ಸತ್ಯವಾದ ಮಾತು ಎಂದು ಅವರಿಗೆ ಅನಿಸಿರಬೇಕು.

ಆಮೇಲೆ ಕುಶಾಲಪ್ಪ ಅತ್ತೆಯ ಫೋಟೋ ಮೇಜಿನ ಮೇಲಿಟ್ಟು, "ಸಾಹೇಬ್ರೆ, ನೀವು ಹೇಳಿ ಕಳಿಸಿದ ಹಾಗೆ ಅತ್ತೆಯನ್ನು ತೆಗೆದಿದ್ದೇನೆ," ಎಂದ.

ಸಾಹೇಬರು ಫೋಟೋ ನೋಡಿದರು. ಗೋಡೆಯ ಮೇಲಿದ್ದ ಎಮ್ಮೆಯನ್ನು ನೋಡಿದರು. ಮತ್ತೆ ಫೋಟೋ ನೋಡಿದರು. ತಾವು ಕಳಿಸಿದ ಮಾತು ಮುಂಡಾಜೆಗೆ ಹೋಗಿ ಏನಾಯಿತೆಂದು ಅವರಿಗೆ ಆಗ ಹೊಳೆಯಿತು. ರಮಾನಾಥನಿಗೂ ಹೊಳೆಯಿತು, ಅವನು ಮೇಜಿನ ಕೆಳಗಿಂದ ಸಾಹೇಬರ ಕಾಲು ಒದ್ದು, "ಫಸ್ಟ್‌ಕ್ಲಾಸ್" ಎಂದ. ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಕುಶಾಲಪ್ಪ ಸಾಹೇಬರ ತುಟಿಯನ್ನೇ ನೋಡುತ್ತಿದ್ದ, ಪೂವಮ್ಮನೂ ನೋಡುತ್ತಿದ್ದರು.

"ನಗು ಸೊಗಸಾಗಿದೆ," ಎಂದರು ಸಾಹೇಬರು. "ಆದರೆ ಹಿಂದಿರುವ ಕಂಬವು ಓರೆಯಾಗಿದೆ."

ಕುಶಾಲಪ್ಪನ ಮೋರೆ ಬಾಡಿತು. ಮುಗಿಯಿತು, ಕ್ಯಾಮೆರಾ ಹೋಯಿತು ಎಂದುಕೊಂಡ.

"ಕಂಬ ಇರುವುದೇ ಓರೆಯಾಗಿ," ಎಂದರು ಪೂವಮ್ಮ, ನಿಯಮ ಗಿಯಮ ಬಿಟ್ಟು. "ನನ್ನ ಗಂಡ ನಿಲ್ಲಿಸಿದ್ದು. ಬೇಕಾದರೆ ಬಂದು ನೋಡಿ."

ಸಾಹೇಬರು ಫೋಟೋವನ್ನು ಇನ್ನೊಮ್ಮೆ ಕಣ್ಣ ಹತ್ತಿರ ಹಿಡಿದರು. "ಇರುವುದೇ ಹಾಗಾದರೆ," ಎಂದು ನಿಧಾನಕ್ಕೆ ಕೆಳಗಿಟ್ಟು, "ಅಡ್ಡಿಯಿಲ್ಲ," ಎಂದರು.

ಕುಶಾಲಪ್ಪನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ರಮಾನಾಥ ಒಳಗೆ ಹೋಗಿ ನಾಲ್ಕು ಪ್ಲೇಟು ಗೋಳಿಬಜೆ ತಂದಿಟ್ಟ. ಎಲ್ಲ ಸುಖವಾಗಿ ಮುಗಿಯಿತು ಎನ್ನುವಾಗ ಪೂವಮ್ಮ ಎದ್ದು ಗೋಡೆಯ ಹತ್ತಿರ ಹೋದರು. ಎಮ್ಮೆಯ ಫೋಟೋವನ್ನು ಅವರು ನೋಡುವುದು ಅದೇ ಮೊದಲು.

"ನಮ್ಮ ಮುತ್ತು," ಎಂದು ಅವರ ಮುಖ ಅರಳಿತು. ಆಮೇಲೆ ಮೂಲೆಯನ್ನು ನೋಡಿದರು. ಹಿಡಿಸೂಡಿ, ಕೆದರಿದ ತಲೆ, ಗದರುವ ಬಾಯಿ. ಮೂವರೂ ತಿನ್ನುವುದನ್ನು ನಿಲ್ಲಿಸಿದರು. ಪೂವಮ್ಮ ಗಂಟಲು ಸರಿಮಾಡಿಕೊಂಡು, ನಿಯಮ ತಪ್ಪದ ಹಾಗೆ, ಆಟದ ಕನ್ನಡದಲ್ಲಿ ಹೇಳಿದರು.

"ಎಮ್ಮೆಯು ಬಹಳ ಸೊಗಸಾಗಿರುವುದು. ನನ್ನನ್ನು ತೆಗೆದರೆ ಉತ್ತಮವಾದೀತು."

ಸಾಹೇಬರಿಗೆ ಚಾ ನೆತ್ತಿಗೇರಿತು. ರಮಾನಾಥ ತೆಂಗಿನಕಾಯಿ ರಾಶಿಯ ಕಡೆ ತಿರುಗಿ ಕೂತ. ಕುಶಾಲಪ್ಪ ಮೊದಲು ಹೌದೆಂದು ತಲೆಯಾಡಿಸಿದ. ಮರುಕ್ಷಣ ಆ ಮಾತು ಅವನ ತಲೆಯೊಳಗೆ ಪಲ್ಟಿ ಹೊಡೆದು ಇನ್ನೊಂದು ಮಗ್ಗುಲು ತೋರಿಸಿತು. ಅವನು ಸಾಹೇಬರ ಕಡೆ ತಿರುಗಿದ. ಪೂವಮ್ಮ ಅಳಿಯನ ಮುಖ ನೋಡಿದರು, ಕೆಮ್ಮುತ್ತಿದ್ದ ಸಾಹೇಬರ ಮುಖ ನೋಡಿದರು. ಹಟ್ಟಿಯಲ್ಲಿ ಎಮ್ಮೆಯ ಮನಸ್ಸು ಓದಿದವರಿಗೆ ಇವರ ಮನಸ್ಸು ಓದುವುದು ಕಷ್ಟವೇ?

"ಸಾಹೇಬ್ರೆ, ನೀವು ಹೇಳಿ ಕಳಿಸಿದ್ದೂ ಇದನ್ನೇ ಅಲ್ಲವಾ?"

ಸುಳ್ಳು ಹೇಳಲು ಸಾಹೇಬರು ಪ್ರಯತ್ನಪಟ್ಟದ್ದು ಅವರ ಗಡ್ಡದಲ್ಲಿ ಕಾಣುತ್ತಿತ್ತು. ಆಗಲಿಲ್ಲ. "ಹೌದಮ್ಮ," ಎಂದರು.

ಪೂವಮ್ಮ ಮೇಜಿನ ಮೇಲಿದ್ದ ತಮ್ಮ ನಗುವ ಫೋಟೋವನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಸಂಚಿಯೊಳಗೆ ಎಲೆಯಡಿಕೆಯ ಜೊತೆ ಇಟ್ಟುಕೊಂಡರು.

"ನಮ್ಮ ಅಳಿಯನಿಗೆ ಕನ್ನಡ ಸರಿ ಬಾರದ್ದು ಒಳ್ಳೆಯದೇ ಆಯಿತು," ಎಂದು ಹೇಳಿ ಒಂದು ಗೋಳಿಬಜೆ ತೆಗೆದುಕೊಂಡರು.

ವಾಪಸು ಹೋಗುವಾಗ ಗುರುವಾಯನಕೆರೆಯಲ್ಲಿ "ಇಲ್ಲಿ ಇಳಿಯುವ" ಎಂದರು. ಅಳಿಯನನ್ನು ಕರೆದುಕೊಂಡು ನೇರ ನೀಲಾವತಿಯ ಮನೆಗೆ ಹೋದರು. ಬೀಗರು ಬನ್ನಿ ಬನ್ನಿ ಎನ್ನುವುದರೊಳಗೆ ಚಾವಡಿಯ ನಡುವೆ ನಿಂತು, ಗೋಡೆಯಲ್ಲಿ ತೂಗುತ್ತಿದ್ದ ಮದುವೆಯ ಫೋಟೋದ ಕಡೆ ಬೆರಳು ತೋರಿಸಿದರು.

"ಅದನ್ನು ತೆಗೆಯಿರಿ," ಎಂದರು ಕುಶಾಲಪ್ಪನಿಗೆ.

ಕುಶಾಲಪ್ಪನ ಕೈ ಅಭ್ಯಾಸದಂತೆ ಕ್ಯಾಮೆರಾದ ಕಡೆ ಹೋಗಿತ್ತು. ಅರ್ಧದಲ್ಲಿ ನಿಲ್ಲಿಸಿದ.

"ಅತ್ತೆ, ಕ್ಯಾಮೆರಾದಲ್ಲಾ, ಕೈಯಲ್ಲಾ?"

"ಕೈಯಲ್ಲಿ ಮಾರಾಯ್ರೆ," ಎಂದರು ಪೂವಮ್ಮ, ಸಂಚಿಯ ಬಾಯಿ ಬಿಚ್ಚುತ್ತ. "ಆ ಮೊಳೆಗೆ ಇದು ತೂಗಲಿ."